ಸುದ್ದಿ ಸೋಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸುದ್ದಿ, ಫಾರ್ವರ್ಡ್, ರೀಲ್ಸ್, ಪ್ಯಾನೆಲ್ ಡಿಸ್ಕಶನ್ ಇದೆಲ್ಲದರ ಮಧ್ಯೆ ತಲೆ ಸ್ವಲ್ಪ ನೆಟ್ಟಗೆ ಇಟ್ಕೊಳ್ಳೋದು ಹೇಗೆ ಅಂತ ಜನ ಕೇಳ್ತಾನೇ ಇರೋ ಪ್ರಶ್ನೆಗಳನ್ನ ಒಂದೇ ಕಡೆ ಹಾಕಿದೀನಿ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವನ್ನ ಬಿಡಿಸಿ ಹೇಳ್ಲೇಬೇಕು. ಬೇಕಾದ್ದನ್ನ ಓದಿ, ಬೇಡದ್ದನ್ನ ದಾಟಿ ಹೋಗಿ.

ಫಿಲ್ಟರ್ ಮಾಡೋದು ಅಂದ್ರೆ ಸುದ್ದಿ ನೋಡೋದೇ ಬಿಟ್ಬಿಡೋದಾ?

ಅಲ್ಲ. ಪೂರ್ತಿ ಬಿಟ್ರೆ ಪಕ್ಕದಲ್ಲಿ ಕೂತವರು ಹೇಳಿದ್ದೇ ವೇದವಾಕ್ಯ ಆಗುತ್ತೆ, ಅದು ಇನ್ನೂ ಕಷ್ಟ. ನಾನು ಹೇಳೋದು ಇಷ್ಟೇ, ಬಂದ ಒಂದೊಂದು ಸುದ್ದಿಗೂ ಇದು ನಿಜಾನಾ ಸುಳ್ಳಾ ಅಂತ ಕೂತು ವಿಚಾರ ಮಾಡೋಕೆ ಯಾರ ಕೈಲೂ ಆಗಲ್ಲ, ಬೆಳಗ್ಗೆ ಮೊಬೈಲ್ ಕೈಗೆ ತಗೊಂಡಾಗಿಂದ ರಾತ್ರಿ ಕೆಳಗಿಡೋವರೆಗೂ ಸುರಿತಾನೇ ಇರುತ್ತೆ, ಮೊದಲ ನಾಲ್ಕೈದಕ್ಕೆ ಯೋಚನೆ ಮಾಡ್ತೀವಿ, ಆಮೇಲೆ ಸುಸ್ತಾಗಿ ಎಲ್ಲಾನೂ ಹಂಗೇ ನುಂಗಿಬಿಡ್ತೀವಿ. ಅದಕ್ಕೇ ಸೋಸೋ ಕೆಲಸ ಸುದ್ದಿ ಕಣ್ಣಿಗೆ ಬೀಳೋಕೆ ಮುಂಚೆನೇ ಮುಗಿದಿರ್ಬೇಕು. ಯಾರಿಂದ ಬರ್ಬೇಕು, ಯಾವ ಹೊತ್ತಿಗೆ ಬರ್ಬೇಕು, ಎಷ್ಟು ಬರ್ಬೇಕು ಅನ್ನೋದನ್ನ ತಲೆ ತಣ್ಣಗಿರೋವಾಗ ತೀರ್ಮಾನ ಮಾಡಿ ಇಡೋದು. ಹರ್ಬರ್ಟ್ ಸೈಮನ್ ಅನ್ನೋ ವಿದ್ವಾಂಸರು 1971ರಲ್ಲೇ ಹೇಳಿದ್ರು, ಮಾಹಿತಿ ತಿನ್ನೋದು ನಮ್ಮ ಗಮನವನ್ನ, ಮಾಹಿತಿ ಹೆಚ್ಚಾದಷ್ಟೂ ಗಮನ ಬಡವಾಗುತ್ತೆ ಅಂತ. ಆಗ ಮೊಬೈಲೂ ಇರ್ಲಿಲ್ಲ, ಇಂಟರ್ನೆಟ್ಟೂ ಮನೆಮನೆಗೆ ಬಂದಿರ್ಲಿಲ್ಲ.

ಒಂದೇ ಒಂದು ಕೆಲಸ ಹೇಳಿ, ಇವತ್ತೇ ಮಾಡ್ತೀನಿ.

ನ್ಯೂಸ್ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ. ಎಲ್ಲಾದರದ್ದೂ. ನಿಮಗೆ ಬೇಕಾದಾಗ ನೀವು ಹೋಗಿ ಓದೋದು ಬೇರೆ, ಅವರಿಗೆ ಬೇಕಾದಾಗ ಬಂದು ನಿಮ್ಮ ಭುಜ ತಟ್ಟೋದು ಬೇರೆ.

ಆಫ್ ಮಾಡಿದ್ರೆ ಮುಖ್ಯವಾದ್ದು ಏನಾದ್ರೂ ಮಿಸ್ ಆಗಲ್ವಾ?

ನಿಜವಾಗಿ ಮುಖ್ಯ ಆಗಿರೋದು ನಿಮ್ಮನ್ನ ಹುಡುಕ್ಕೊಂಡು ಬಂದೇ ಬರುತ್ತೆ. ಆಫೀಸಲ್ಲಿ ಯಾರೋ ಹೇಳ್ತಾರೆ, ಮನೆಯಿಂದ ಫೋನ್ ಬರುತ್ತೆ. ಮಳೆ, ಚಂಡಮಾರುತ, ಭೂಕಂಪದ ಸರ್ಕಾರಿ ಎಚ್ಚರಿಕೆಗಳನ್ನ ಮಾತ್ರ ಆನ್ ಇಟ್ಕೊಳ್ಳಿ, ಅದು ನ್ಯೂಸ್ ಅಲ್ಲ, ನಿಮ್ಮ ಜೀವಕ್ಕೆ ಸಂಬಂಧಪಟ್ಟಿದ್ದು. ಮಿಕ್ಕಿದ್ದಕ್ಕೆ ಒಂದು ಸಣ್ಣ ಪರೀಕ್ಷೆ ಇದೆ: ಹೋದ ವಾರ ಬಂದ ನೋಟಿಫಿಕೇಶನ್‌ಗಳಲ್ಲಿ ಯಾವುದರಿಂದ ನೀವು ಒಂದು ಕೆಲಸ ಬೇರೆ ಥರ ಮಾಡಿದ್ರಿ, ದುಡ್ಡು ಬೇರೆ ಕಡೆ ಹಾಕಿದ್ರಿ, ವೋಟು ಬೇರೆಯವರಿಗೆ ಹಾಕೋಣ ಅಂದ್ಕೊಂಡ್ರಿ ಅಂತ ನೆನಪು ಮಾಡ್ಕೊಳ್ಳಿ. ಬಹಳ ಜನಕ್ಕೆ ಒಂದೂ ನೆನಪಾಗಲ್ಲ.

ಬ್ರೇಕಿಂಗ್ ನ್ಯೂಸ್ ಆದ್ರೂ ಆಗಿಂದಾಗ್ಲೇ ನೋಡ್ಬೇಕಲ್ವಾ?

ಆಗಿಂದಾಗ್ಲೇ ನೋಡಿದ್ರೆ ತಪ್ಪೇ ಜಾಸ್ತಿ ಸಿಗೋದು. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಅನ್ನೋ ಅಮೆರಿಕದ ಸುದ್ದಿಸಂಸ್ಥೆಯ ಟ್ವಿಟರ್ ಅಕೌಂಟ್‌ನಿಂದ ಒಂದು ಟ್ವೀಟ್ ಬಂತು, ಶ್ವೇತಭವನದಲ್ಲಿ ಎರಡು ಸ್ಫೋಟ ಆಗಿದೆ, ಬರಾಕ್ ಒಬಾಮಾಗೆ ಗಾಯ ಆಗಿದೆ ಅಂತ. ಅಕೌಂಟ್ ಹ್ಯಾಕ್ ಆಗಿತ್ತು, ಸುದ್ದಿ ಪೂರ್ತಿ ಸುಳ್ಳು. ಆದ್ರೆ ಅಷ್ಟರಲ್ಲಿ ಅಮೆರಿಕದ ಶೇರು ಮಾರ್ಕೆಟ್‌ನ ಡೌ ಜೋನ್ಸ್ ಸೂಚ್ಯಂಕ 140 ಪಾಯಿಂಟ್‌ಗೂ ಜಾಸ್ತಿ ಕೆಳಗೆ ಬಿದ್ದಿತ್ತು, ಸುಳ್ಳು ಅಂತ ಗೊತ್ತಾದ ಕೆಲವೇ ನಿಮಿಷಕ್ಕೆ ವಾಪಸ್ ಮೇಲೆ ಬಂತು. ಆ ಕೆಲವು ನಿಮಿಷದಲ್ಲಿ ಗಾಬರಿ ಬಿದ್ದು ಮಾರಿದವರಿಗೆ ಲಾಸ್ ಆಯ್ತು, ಊಟಕ್ಕೆ ಹೋಗಿದ್ದವರಿಗೆ ಏನೂ ಆಗ್ಲಿಲ್ಲ.

ಅದೇ ತಿಂಗಳು ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟ ಆದಾಗ ದೊಡ್ಡ ದೊಡ್ಡ ಸಂಸ್ಥೆಗಳೇ ಆರೋಪಿ ಸಿಕ್ಕಿಬಿದ್ದ ಅಂತ ಹೇಳಿ ಆಮೇಲೆ ವಾಪಸ್ ತಗೊಂಡ್ವು, ಆನ್‌ಲೈನಲ್ಲಿ ಪತ್ತೇದಾರಿಕೆ ಮಾಡ್ತೀವಿ ಅಂತ ಹೊರಟ ಜನ ಸಂಬಂಧವೇ ಇಲ್ಲದ ಒಬ್ಬ ಹುಡುಗನನ್ನ ಬಾಂಬ್ ಇಟ್ಟವನು ಅಂತ ಎಳೆದು ಹಾಕಿದ್ರು. ಯಾರೂ ಬೇಕು ಅಂತ ಮಾಡಿದ್ದಲ್ಲ ಇದು. ಘಟನೆ ಆದ ಮೊದಲ ಕೆಲವು ಗಂಟೆ ಯಾರ ಹತ್ರನೂ ಮಾಹಿತಿ ಇರಲ್ಲ, ಆದ್ರೆ ಕ್ಯಾಮೆರಾ ಆನ್ ಇರುತ್ತೆ, ಆಂಕರ್ ಏನಾದ್ರೂ ಮಾತಾಡ್ಲೇಬೇಕು. ಅದಕ್ಕೆ ನನ್ನ ಲೆಕ್ಕ ಸಿಂಪಲ್, ದೊಡ್ಡ ಘಟನೆ ಅಂದ್ರೆ ಮಾರನೇ ದಿನ ಓದೋದು, ಗೊಂದಲದ್ದು ಅಂದ್ರೆ ವಾರ ಬಿಟ್ಟು ಓದೋದು.

ಯಾವ ಪೇಪರ್, ಯಾವ ಚಾನೆಲ್ ನಂಬಬಹುದು? ಹೆಸರು ಹೇಳ್ಬಿಡಿ.

ಹೇಳಲ್ಲ. ಹೇಳಿದ್ರೆ ನೀವು ನನ್ನನ್ನ ನಂಬ್ತೀರಾ ಅಷ್ಟೇ, ಮೂಲವನ್ನ ಅಳೆಯೋದು ಕಲಿಯಲ್ಲ. ಅಳೆಯೋಕೆ ನಾನು ನೋಡೋದು ಇಷ್ಟು.

ತಪ್ಪಾದ್ರೆ ತಪ್ಪಾಯ್ತು ಅಂತ ಬರೀತಾರಾ? ಇದೇ ಮೊದಲನೇದು, ಬಹುಶಃ ಕೊನೇದೂ. ತಿದ್ದುಪಡಿ ಹಾಕೋ ಪತ್ರಿಕೆ ತಪ್ಪು ಜಾಸ್ತಿ ಮಾಡುತ್ತೆ ಅಂತ ಅಲ್ಲ, ತಪ್ಪನ್ನ ಲೆಕ್ಕ ಇಡುತ್ತೆ ಅಂತ. ತಪ್ಪಾದ ಸುದ್ದಿಯನ್ನ ಸದ್ದಿಲ್ಲದೆ ಡಿಲೀಟ್ ಮಾಡೋರು, ಹೆಡ್‌ಲೈನ್ ಮಾತ್ರ ಬದಲಾಯಿಸಿ ಸುಮ್ಮನಾಗೋರು ಇದ್ರೆ ಅವರನ್ನ ಲಿಸ್ಟಿಂದ ತೆಗೀರಿ. ಆಮೇಲೆ, ವರದಿಗೆ ಹೆಸರು ಇದೆಯಾ, ಎಲ್ಲಿಂದ ಬರೆದ್ರು, ಯಾರನ್ನ ಮಾತಾಡಿಸಿದ್ರು ಅಂತ ಇದೆಯಾ. ವರದಿ ಯಾವುದು, ಅಭಿಪ್ರಾಯ ಯಾವುದು, ದುಡ್ಡು ತಗೊಂಡು ಹಾಕಿದ ಜಾಹೀರಾತು ಯಾವುದು ಅಂತ ಬೇರೆ ಬೇರೆ ಮಾಡಿ ತೋರಿಸ್ತಾರಾ.

ಇನ್ನೊಂದು ಒಳ್ಳೇ ಪರೀಕ್ಷೆ ನಿಮ್ಮ ಕೈಲೇ ಇದೆ. ನಿಮಗೆ ಚೆನ್ನಾಗಿ ಗೊತ್ತಿರೋ ವಿಷಯದ ಬಗ್ಗೆ ಅವರು ಬರೆದಿದ್ದನ್ನ ಓದಿ. ನೀವು ನರ್ಸ್ ಆಗಿದ್ರೆ ಆಸ್ಪತ್ರೆ ಸುದ್ದಿ, ಎಲೆಕ್ಟ್ರಿಷಿಯನ್ ಆಗಿದ್ರೆ ಶಾರ್ಟ್ ಸರ್ಕ್ಯೂಟ್ ಸುದ್ದಿ. ಅದರಲ್ಲಿ ಬಾಯಿಗೆ ಬಂದಿದ್ದು ಬರೆದಿದ್ರೆ, ನಿಮಗೆ ಗೊತ್ತಿಲ್ಲದ ವಿದೇಶಾಂಗ ನೀತಿ ಬಗ್ಗೆ ಮಾತ್ರ ಸರಿಯಾಗಿ ಬರೆದಿರ್ತಾರೆ ಅಂತ ಯಾಕೆ ಅಂದ್ಕೋಬೇಕು? ನಾವೆಲ್ಲ ಆ ಪೇಜ್ ನೋಡಿ ನಗ್ತೀವಿ, ಪೇಜ್ ತಿರುಗಿಸಿದ ಕೂಡ್ಲೇ ಮತ್ತೆ ಸೀರಿಯಸ್ ಆಗಿ ಓದ್ತೀವಿ. ಲೇಖಕ ಮೈಕಲ್ ಕ್ರೈಟನ್ ಇದಕ್ಕೆ ಗೆಲ್-ಮನ್ ಮರೆವು ಅಂತ ತಮಾಷೆಗೆ ಹೆಸರಿಟ್ಟಿದ್ರು, ಭೌತವಿಜ್ಞಾನಿ ಮರ್ರೇ ಗೆಲ್-ಮನ್ ಹೆಸರಲ್ಲಿ.

"ಎನ್ನಲಾಗಿದೆ", "ತಿಳಿದುಬಂದಿದೆ" ಅಂತ ಬರೆದಿರೋ ಸುದ್ದಿ ನಂಬಬಹುದಾ?

ಕ್ರಿಯಾಪದ ನೋಡಿ ಸುದ್ದಿ ಓದೋದು ಒಂದು ಒಳ್ಳೇ ಅಭ್ಯಾಸ. "ಹೇಳಿದ್ದಾರೆ" ಅಂದ್ರೆ ಹೇಳಿದವರು ಒಬ್ಬರು ಇದಾರೆ, ನಾಳೆ ಅವರನ್ನ ಕೇಳಬಹುದು. "ಎನ್ನಲಾಗಿದೆ" ಅಂದ್ರೆ ಯಾರು ಅಂದ್ರು? "ಬಲ್ಲ ಮೂಲಗಳ ಪ್ರಕಾರ" ಅಂದ್ರೆ ಆ ಮೂಲಕ್ಕೆ ಹೆಸರು ಹೇಳೋಕೆ ನಿಜವಾಗ್ಲೂ ಅಪಾಯ ಇದೆಯಾ, ಇಲ್ಲ ಸುಮ್ಮನೆ ತೇಲಿಬಿಟ್ಟಿದ್ದಾ? ಹೆಸರು ಹೇಳದ ಮೂಲಗಳಿಂದಲೇ ದೊಡ್ಡ ದೊಡ್ಡ ಹಗರಣ ಹೊರಗೆ ಬಂದಿವೆ, ಅದು ನಿಜ, ಆದ್ರೆ ಅಂಥ ವರದಿಯಲ್ಲಿ ದಾಖಲೆ ಇರುತ್ತೆ, ಎರಡು ಮೂರು ಕಡೆಯಿಂದ ತಾಳೆ ನೋಡಿರ್ತಾರೆ, ಆರೋಪ ಹೊತ್ತವರ ಪ್ರತಿಕ್ರಿಯೆ ಕೇಳಿರ್ತಾರೆ. ಬರೀ ಅಂತೆ ಕಂತೆ ಮೇಲೆ ನಿಂತಿರೋದಕ್ಕೆ ಇದ್ಯಾವುದೂ ಇರಲ್ಲ.

ಹೆಡ್‌ಲೈನ್ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದ್ರೆ, "ಇವರಿಗೆ ಮಂತ್ರಿಗಿರಿ ಖಚಿತ?" ಅನ್ನೋ ಥರ, ಖಚಿತ ಇಲ್ಲ ಅಂತಲೇ ಓದ್ಕೊಳ್ಳಿ. ಖಚಿತ ಇದ್ದಿದ್ರೆ ಪ್ರಶ್ನೆ ಹಾಕ್ತಿರ್ಲಿಲ್ಲ.

ಎಲ್ಲರೂ ಹೇಳ್ತಾ ಇದಾರೆ ಅಂದ್ಮೇಲೆ ಸ್ವಲ್ಪನಾದ್ರೂ ನಿಜ ಇರಲ್ವಾ? ಬೆಂಕಿ ಇಲ್ದೆ ಹೊಗೆ ಬರುತ್ತಾ?

ಆನ್‌ಲೈನಲ್ಲಿ ಬರುತ್ತೆ, ಧಾರಾಳವಾಗಿ ಬರುತ್ತೆ. ಎರಡು ಕಾರಣ.

ಒಂದು, ಪದೇ ಪದೇ ಕೇಳಿದ್ದು ನಿಜ ಅಂತ ಅನ್ಸೋಕೆ ಶುರುವಾಗುತ್ತೆ, ಕೇಳಿದ್ದು ಎಲ್ಲಿ ಅನ್ನೋದು ಮರೆತುಹೋಗಿರುತ್ತೆ. ಹ್ಯಾಶರ್, ಗೋಲ್ಡ್‌ಸ್ಟೀನ್, ಟಾಪಿನೋ ಅನ್ನೋ ಮನಶ್ಶಾಸ್ತ್ರಜ್ಞರು 1977ರಲ್ಲೇ ಇದನ್ನ ತೋರಿಸಿದ್ರು. ಅದೇ ವಾಕ್ಯವನ್ನ ವಾರಗಳ ಅಂತರದಲ್ಲಿ ಮತ್ತೆ ತೋರಿಸಿದಾಗ ಜನ ಅದನ್ನ ಮೊದಲಿಗಿಂತ ಜಾಸ್ತಿ ನಂಬಿದ್ರು, ವಾಕ್ಯ ಸರಿಯಿದ್ರೂ ಅಷ್ಟೇ, ತಪ್ಪಿದ್ರೂ ಅಷ್ಟೇ. ಅಂದ್ರೆ ನೀವು ಸುಳ್ಳು ಸುದ್ದಿಯನ್ನ "ನೋಡಿ ಎಂಥಾ ಸುಳ್ಳು" ಅಂತ ಬೈಯ್ತಾ ಹತ್ತು ಗ್ರೂಪಿಗೆ ಹಾಕಿದ್ರೂ ಅದಕ್ಕೆ ಒಂದು ಸುತ್ತು ಗಾಳಿ ಹೊಡೆದ ಹಾಗೇನೇ.

ಎರಡು, ಸುಳ್ಳು ಜೋರಾಗಿ ಓಡುತ್ತೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಎಂಐಟಿಯವರ ಒಂದು ಅಧ್ಯಯನ ಬಂತು, 2006ರಿಂದ 2017ರವರೆಗೆ ಟ್ವಿಟರಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನ ನೋಡಿದ್ರು. ನಿಜ ಸುದ್ದಿ 1,500 ಜನರನ್ನ ತಲುಪೋಕೆ ಸುಳ್ಳು ಸುದ್ದಿಗಿಂತ ಸುಮಾರು ಆರು ಪಟ್ಟು ಟೈಮ್ ತಗೊಂಡಿತ್ತು. ತಾವಾಗೇ ಪೋಸ್ಟ್ ಹಾಕೋ ಪ್ರೋಗ್ರಾಂಗಳು, ಅಂದ್ರೆ ಬಾಟ್‌ಗಳ ಮೇಲೆ ತಪ್ಪು ಹಾಕೋಣ ಅಂದ್ರೆ ಅದೂ ಆಗ್ಲಿಲ್ಲ, ಬಾಟ್‌ಗಳು ನಿಜಾನೂ ಸುಳ್ಳನ್ನೂ ಹೆಚ್ಚುಕಮ್ಮಿ ಸಮವಾಗೇ ಹಂಚಿದ್ವು, ವ್ಯತ್ಯಾಸ ಮಾಡಿದ್ದು ಮನುಷ್ಯರೇ. ಸುಳ್ಳು ಹೊಸದಾಗಿರುತ್ತೆ, ಆಶ್ಚರ್ಯ ಹುಟ್ಟಿಸುತ್ತೆ, ನಿಜ ಬಹಳ ಸಲ ಸಪ್ಪೆ.

ಅದಕ್ಕೆ ಎಷ್ಟು ಜನ ಹೇಳಿದ್ರು ಅಂತ ಎಣಿಸ್ಬೇಡಿ, ಎಷ್ಟು ಜನ ಬೇರೆ ಬೇರೆಯಾಗಿ ಕಂಡ್ಕೊಂಡ್ರು ಅಂತ ಎಣಿಸಿ. ಹದಿನೈದು ವೆಬ್‌ಸೈಟಲ್ಲಿ ಬಂದಿದೆ ಅಂತೀರಾ, ಹದಿನೈದನ್ನೂ ತೆಗೆದು ನೋಡಿದ್ರೆ ಒಂದೇ ಏಜೆನ್ಸಿ ಕಾಪಿ, ಅದೇ ಪ್ಯಾರಾ, ಅದೇ ಅಕ್ಷರದ ತಪ್ಪು. ಅದು ಹದಿನೈದು ಮೂಲ ಅಲ್ಲ, ಒಂದು.

ಫಾರ್ವರ್ಡ್ ಬಂದ ಫೋಟೋ ಚೆಕ್ ಮಾಡೋದು ಹೇಗೆ?

ಒಂದು ಉದಾಹರಣೆ ತಗೊಳ್ಳಿ. ಪ್ರವಾಹದ ನೀರಲ್ಲಿ ಅರ್ಧ ಮುಳುಗಿದ ಬಸ್ ಫೋಟೋ ಬಂದಿದೆ, ಕೆಳಗೆ "ಇಂದು ಬೆಳಗ್ಗೆ" ಅಂತ ಬರೆದಿದೆ, ಊರಿನ ಹೆಸರೂ ಇದೆ. ಮೊದಲು ವಾಟ್ಸಾಪ್ ಮೆಸೇಜ್ ಮೇಲ್ಗಡೆ ನೋಡಿ, ಎರಡು ಬಾಣದ ಗುರುತು ಇದ್ರೆ ಅದು ಕೈಯಿಂದ ಕೈಗೆ ಕನಿಷ್ಠ ಐದು ಸಲ ಫಾರ್ವರ್ಡ್ ಆಗಿ ಬಂದಿದೆ ಅಂತ, ಅಂದ್ರೆ ಕಳಿಸಿದವರಿಗೂ ತೆಗೆದವರು ಯಾರು ಅಂತ ಗೊತ್ತಿಲ್ಲ. (2020ರ ಏಪ್ರಿಲ್‌ನಿಂದ ಇಂಥ ಮೆಸೇಜನ್ನ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸೋಕೆ ಆಗೋದು, ಅದಕ್ಕೂ ಕಾರಣ ಇದೇ.) ಆಮೇಲೆ ಫೋಟೋ ಸೇವ್ ಮಾಡಿ, ಅದೇ ಫೋಟೋ ಬೇರೆ ಎಲ್ಲಿ ಬಂದಿದೆ ಅಂತ ಹುಡುಕಿಕೊಡೋ ಗೂಗಲ್ ಲೆನ್ಸ್‌ಗೋ ಟಿನ್‌ಐಗೋ ಹಾಕಿ. ಟಿನ್‌ಐನಲ್ಲಿ ಹಳೇದು ಮೊದಲು ಬರೋ ಹಾಗೆ ಜೋಡಿಸ್ಕೋಬಹುದು. ಅದೇ ಬಸ್ ಎಷ್ಟೋ ವರ್ಷದ ಹಿಂದೆ ಬೇರೆ ದೇಶದ ಸುದ್ದಿಯಲ್ಲಿ ಬಂದಿದ್ರೆ ಅಲ್ಲಿಗೆ ಕಥೆ ಮುಗೀತು.

ಹಳೇದು ಎಲ್ಲೂ ಸಿಗ್ಲಿಲ್ಲ ಅಂದ್ರೆ ಫೋಟೋದ ಒಳಗೆ ನೋಡಿ. ಬೋರ್ಡಲ್ಲಿ ಯಾವ ಭಾಷೆ ಇದೆ, ಬಸ್ಸಿನ ಸ್ಟೀರಿಂಗ್ ಯಾವ ಕಡೆ ಇದೆ, ನಂಬರ್ ಪ್ಲೇಟ್ ಯಾವ ಥರ ಇದೆ, ಜನ ಸ್ವೆಟರ್ ಹಾಕ್ಕೊಂಡಿದಾರಾ. ಫೋಟೋ ಅಸಲಿ, ಬರಹ ನಕಲಿ ಅನ್ನೋದೇ ಸುಳ್ಳಿನಲ್ಲಿ ತೀರಾ ಮಾಮೂಲಿ ಜಾತಿ, ಎಡಿಟ್ ಮಾಡೋ ಕಷ್ಟನೂ ಇಲ್ಲ ಅವರಿಗೆ. ಈಗ ಎಐ ಫೋಟೋಗಳು ಬೇರೆ. 2023ರ ಮೇ 22ರಂದು ಅಮೆರಿಕದ ರಕ್ಷಣಾ ಇಲಾಖೆ ಕಚೇರಿ ಪೆಂಟಗನ್ ಹತ್ರ ಸ್ಫೋಟ ಅಂತ ಒಂದು ಎಐ ಚಿತ್ರ ಹರಿದಾಡಿ ಮಾರ್ಕೆಟ್ ಸ್ವಲ್ಪ ಹೊತ್ತು ಅಲ್ಲಾಡಿತು. ಅದರ ಕಂಬಿ, ಗೋಡೆ ಎಲ್ಲ ಒಂದಕ್ಕೊಂದು ಕರಗಿದ ಹಾಗಿತ್ತು, ಝೂಮ್ ಮಾಡಿದವರಿಗೆ ಕಾಣಿಸ್ತು. ಆದ್ರೆ ಚಿತ್ರದಲ್ಲಿರೋರ ಕೈಯಲ್ಲಿ ಬೆರಳು ಸರಿಯಾಗಿದೆಯಾ ಅಂತ ಎಣಿಸಿ ಎಐ ಕಂಡುಹಿಡಿಯೋ ಕಾಲ ಬೇಗ ಬೇಗ ಮುಗೀತಾ ಇದೆ, ಚಿತ್ರ ದಿಟ್ಟಿಸೋದಕ್ಕಿಂತ ಅದನ್ನ ಮೊದಲು ಹಾಕಿದ್ದು ಯಾರು ಅಂತ ಹುಡುಕೋದೇ ಗಟ್ಟಿ ದಾರಿ. ಅಷ್ಟು ದೊಡ್ಡ ಸ್ಫೋಟ ಆಗಿದ್ರೆ ಬೇರೆ ಯಾವ ದಿಕ್ಕಿಂದಲೂ ಒಬ್ಬರೂ ಒಂದು ಫೋಟೋ ತೆಗೆದಿಲ್ವಾ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಫೋಟೋಶಾಪ್ ಬರೋಕೂ ಎಷ್ಟೋ ಮುಂಚೆ.

ವೆಬ್‌ಸೈಟ್ ನೋಡೋಕೆ ನೀಟಾಗಿದೆ, ಡಾಕ್ಟರ್‌ಗಳ ಹೆಸರೆಲ್ಲ ಇದೆ. ಅಷ್ಟು ಸಾಲ್ದಾ?

ಸಾಲಲ್ಲ, ಪಿಎಚ್‌ಡಿ ಮಾಡಿದವರಿಗೂ ಸಾಲ್ಲಿಲ್ಲ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಜನ ಇತಿಹಾಸಕಾರರು, 10 ಜನ ಫ್ಯಾಕ್ಟ್ ಚೆಕರ್‌ಗಳು, 25 ಜನ ವಿದ್ಯಾರ್ಥಿಗಳನ್ನ ಕಂಪ್ಯೂಟರ್ ಮುಂದೆ ಕೂರಿಸಿದ್ರು. ಹೆಸರು ಹೆಚ್ಚುಕಮ್ಮಿ ಒಂದೇ ಥರ ಇರೋ ಎರಡು ಮಕ್ಕಳ ಡಾಕ್ಟರ್ ಸಂಘಟನೆಗಳ ಸೈಟ್ ಕೊಟ್ರು, ಒಂದು ಅಮೆರಿಕದ ದೊಡ್ಡ ವೃತ್ತಿಪರ ಸಂಘ, ಇನ್ನೊಂದು ಅದರಿಂದ ಸಿಡಿದು ಹೋದ ಒಂದು ಸಣ್ಣ ಗುಂಪು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪೇಜಲ್ಲೇ ಮೇಲಿಂದ ಕೆಳಗೆ ಓದ್ತಾ, ಲೋಗೋ, ಡೊಮೇನ್ ಹೆಸರು, ಫುಟ್‌ನೋಟ್ ನೋಡ್ತಾ ಕೂತ್ರು, ಬಹಳ ಜನ ಮೋಸ ಹೋದ್ರು. ಫ್ಯಾಕ್ಟ್ ಚೆಕರ್‌ಗಳು ಆ ಪೇಜ್ ಓದ್ಲೇ ಇಲ್ಲ, ತಕ್ಷಣ ಪಕ್ಕದಲ್ಲಿ ಹೊಸ ಟ್ಯಾಬ್ ತೆಗೆದು ಈ ಸಂಘದ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡಿದ್ರು, ಬೇಗನೂ ಮುಗಿಸಿದ್ರು, ಸರಿಯಾಗೂ ಹೇಳಿದ್ರು.

ನೀವೂ ಅಷ್ಟೇ ಮಾಡಿ. ತನ್ನ ಬಗ್ಗೆ ತಾನು ಯಾರಾದ್ರೂ ಕೆಟ್ಟದ್ದು ಬರ್ಕೊಳ್ತಾರಾ?

"ಅಧ್ಯಯನದ ಪ್ರಕಾರ" ಅಂತ ಬರೋ ಆರೋಗ್ಯದ ಸುದ್ದಿಗಳು?

ಇದಕ್ಕೆ ಸ್ವಲ್ಪ ಉದ್ದ ಉತ್ತರ, ಯಾಕಂದ್ರೆ ಇಲ್ಲಿ ಸುಳ್ಳೇ ಹೇಳದೆ ದಾರಿ ತಪ್ಪಿಸೋಕೆ ಆಗುತ್ತೆ.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಡ್ತು, ಹೊಸ ಥರದ ಗರ್ಭನಿರೋಧಕ ಮಾತ್ರೆ ತಗೊಂಡ್ರೆ ರಕ್ತ ಹೆಪ್ಪುಗಟ್ಟೋ ಅಪಾಯ ಎರಡು ಪಟ್ಟು ಅಂತ. ಟಿವಿ, ಪೇಪರ್ ಎಲ್ಲ ಕಡೆ ಅದೇ. ಹೆದರಿದ ಹೆಂಗಸರು ಮಾತ್ರೆ ಬಿಟ್ರು, ಬೇಡದ ಬಸಿರು ಜಾಸ್ತಿ ಆಯ್ತು, ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸಲ್ಲಿ ಅಂದಾಜು 13,000 ಗರ್ಭಪಾತ ಹೆಚ್ಚಾಯ್ತು. ಈಗ ಲೆಕ್ಕ ನೋಡಿ: ಹಳೇ ಮಾತ್ರೆಯಲ್ಲಿ 7,000 ಜನಕ್ಕೆ ಸುಮಾರು ಒಬ್ಬರಿಗೆ ಆಗ್ತಿತ್ತು, ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಎರಡು ಪಟ್ಟು ಅನ್ನೋದು ಪೂರ್ತಿ ನಿಜ. 7,000ದಲ್ಲಿ ಒಬ್ಬರು ಜಾಸ್ತಿ ಅನ್ನೋದೂ ಅದೇ ನಿಜ. ಹೆಡ್‌ಲೈನಿಗೆ ಮೊದಲನೇದೇ ಹೋಗೋದು. ಬಸಿರಾದ್ರೂ ರಕ್ತ ಹೆಪ್ಪುಗಟ್ಟೋ ಅಪಾಯ ಏರುತ್ತೆ, ಅದೂ ಮಾತ್ರೆಗಿಂತ ಜಾಸ್ತಿ, ಅದನ್ನ ಯಾರೂ ದೊಡ್ಡ ಅಕ್ಷರದಲ್ಲಿ ಹಾಕಲ್ಲ.

ಹಾಗಾಗಿ ಪರ್ಸೆಂಟ್ ಕಂಡ್ರೆ "ಎಷ್ಟರಿಂದ ಎಷ್ಟಕ್ಕೆ" ಅಂತ ಕೇಳಿ. ಇನ್ನೊಂದು ಇದೇ ಜಾತಿದು: 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನ ತಂಬಾಕು ಇರೋ ಗುಂಪಿಗೇ ಸೇರಿಸ್ತು, ತಕ್ಷಣ ಎರಡೂ ಒಂದೇ ಸಮ ಡೇಂಜರ್ ಅಂತ ಸುದ್ದಿ ಆಯ್ತು. ಆ ಗುಂಪು ಹೇಳೋದು ಕ್ಯಾನ್ಸರ್ ತರುತ್ತೆ ಅನ್ನೋಕೆ ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ.

ಮತ್ತೆ, ಒಂದು ಅಧ್ಯಯನ ಅಂದ್ರೆ ಒಂದೇ ಅಧ್ಯಯನ. ಲಸಿಕೆಗೂ ಆಟಿಸಂಗೂ ಗಂಟು ಹಾಕಿದ 1998ರ ಅಧ್ಯಯನ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು, ನಿಂತಿದ್ದು ಬರೀ 12 ಮಕ್ಕಳ ಮೇಲೆ. ಪತ್ರಿಕೆ ಅದನ್ನ ವಾಪಸ್ ತಗೊಂಡಿದ್ದು 2010ರಲ್ಲಿ, 12 ವರ್ಷ ಆದ್ಮೇಲೆ, ಅದರ ಸದ್ದು ಇವತ್ತಿಗೂ ನಿಂತಿಲ್ಲ. ಅಧ್ಯಯನ ಇಲಿ ಮೇಲಾ ಮನುಷ್ಯರ ಮೇಲಾ, ಎಷ್ಟು ಜನ, ದುಡ್ಡು ಯಾರದ್ದು, ಬೇರೆಯವರು ಮಾಡಿದಾಗ್ಲೂ ಅದೇ ಬಂತಾ, ಇಷ್ಟು ಕೇಳಿದ್ರೆ ಮುಕ್ಕಾಲು ಪಾಲು ಆರೋಗ್ಯ ಸುದ್ದಿ ಉದುರಿಹೋಗುತ್ತೆ.

ಎರಡೂ ಕಡೆಯವರ ಮಾತು ಕೇಳಿದ್ರೆ ಬ್ಯಾಲೆನ್ಸ್ ಆಗಲ್ವಾ?

ಅಭಿಪ್ರಾಯದ ವಿಷಯ ಆದ್ರೆ ಆಗುತ್ತೆ. ಹೊರಗೆ ಮಳೆ ಬರ್ತಿದೆ ಅಂತ ಒಬ್ಬ, ಇಲ್ಲ ಅಂತ ಒಬ್ಬ ಜಗಳ ಆಡ್ತಿದ್ರೆ ಕಿಟಕಿ ತೆಗೆದು ನೋಡ್ಬೇಕೇ ಹೊರತು ಇಬ್ಬರಿಗೂ ಐದೈದು ನಿಮಿಷ ಮೈಕ್ ಕೊಡೋದಲ್ಲ. ಇನ್ನು ಎದುರು ಪಕ್ಷದವರನ್ನ ಓದೋದಾದ್ರೆ ಅವರಲ್ಲಿ ತಲೆ ಇರೋರನ್ನ ಹುಡುಕಿ ಓದಿ. ನಾವು ಸಾಮಾನ್ಯವಾಗಿ ಮಾಡೋದು ಏನು, ಆ ಕಡೆಯ ಅತೀ ಪೆದ್ದನ ವಿಡಿಯೋ ನೋಡಿ ನಗೋದು, ಅದರಿಂದ ನಮ್ಮ ಬುದ್ಧಿ ಏನೂ ಬೆಳೆಯಲ್ಲ.

ಫೀಡಲ್ಲಿ ಬರೋದನ್ನ ನಾನೇ ಸರಿ ಮಾಡ್ಕೋಬಹುದಾ?

ಅಲ್ಪಸ್ವಲ್ಪ. ಅನ್‌ಫಾಲೋ, ಮ್ಯೂಟ್, "ಇಂಥದ್ದು ಬೇಡ" ಎಲ್ಲ ಒತ್ತಬಹುದು, ಆದ್ರೆ ಫೀಡ್ ಜೋಡಿಸೋ ಆಲ್ಗಾರಿದಮ್‌ಗೆ ನೀವು ಎಷ್ಟು ಹೊತ್ತು ಇದ್ರಿ, ಎಲ್ಲಿ ಬೆರಳು ನಿಂತ್ತು ಅನ್ನೋದೇ ಲೆಕ್ಕ, ಕೋಪ ಬಂದು ನಿಂತ್ರೂ ಅದಕ್ಕೆ ಇಷ್ಟ ಆಯ್ತು ಅಂತಲೇ ಅರ್ಥ. ಕಾಮೆಂಟಲ್ಲಿ ಬೈದು ಬಂದ್ರೆ ನಾಳೆ ಅಂಥದ್ದೇ ಇನ್ನೂ ನಾಲ್ಕು ಬರುತ್ತೆ.

ಅದಕ್ಕಿಂತ ಫೀಡೇ ಬೇಡ ಅನ್ನೋದು ಸುಲಭ. ಆರ್‌ಎಸ್‌ಎಸ್ ಫೀಡ್ ಅನ್ನೋದೊಂದು ಹಳೇ ಟೆಕ್ನಾಲಜಿ ಇದೆ, ಸಂಘಟನೆ ಅಲ್ಲ ಮತ್ತೆ, 1999ರಿಂದ ಇದೆ. ನಿಮಗೆ ಬೇಕಾದ ಸೈಟ್‌ಗಳ ವಿಳಾಸ ಒಂದು ರೀಡರ್ ಆ್ಯಪ್‌ಗೆ ಹಾಕಿದ್ರೆ ಅವರು ಬರೆದಿದ್ದು ಬರೆದ ಕ್ರಮದಲ್ಲೇ ಬರುತ್ತೆ, ಮಧ್ಯೆ ಯಾರೂ ಕೈ ಆಡಿಸಲ್ಲ, ಓದಿ ಮುಗಿದ್ರೆ ಮುಗೀತು. 2013ರಲ್ಲಿ ಗೂಗಲ್ ತನ್ನ ರೀಡರ್ ಮುಚ್ಚಿದಾಗ ಎಲ್ಲರೂ ಇದು ಸತ್ತೇಹೋಯ್ತು ಅಂದ್ಕೊಂಡ್ರು, ಆದ್ರೆ ಬೇಕಾದಷ್ಟು ಸೈಟ್‌ಗಳು ಈಗ್ಲೂ ಕೊಡ್ತಾವೆ, ಪಾಡ್‌ಕಾಸ್ಟ್‌ಗಳು ಓಡೋದೇ ಇದರ ಮೇಲೆ. ಅದು ತಲೆನೋವು ಅನ್ಸಿದ್ರೆ ಇಮೇಲ್ ನ್ಯೂಸ್‌ಲೆಟರ್, ಅದೂ ಬೇಡ ಅಂದ್ರೆ ಕಾಗದದ ಪೇಪರ್. ಪೇಪರ್‌ಗೆ ಕೊನೇ ಪೇಜ್ ಅಂತ ಒಂದಿದೆ, ಸ್ಕ್ರೋಲ್‌ಗೆ ಇಲ್ಲ.

ಸುದ್ದಿ ನೋಡಿ ನೋಡಿ ಪ್ರಪಂಚನೇ ಹಾಳಾಗ್ತಿದೆ ಅನ್ಸುತ್ತೆ. ಇದು ನನಗೊಬ್ಬನಿಗೇನಾ?

ಅಲ್ಲ ಮಾರಾಯ. ಕೆಟ್ಟದ್ದಕ್ಕೆ ಕ್ಲಿಕ್ ಜಾಸ್ತಿ, ಅದಕ್ಕೆ ಕೆಟ್ಟದ್ದೇ ಮುಂದೆ ಬರೋದು. ಅಪ್‌ವರ್ದಿ ಅನ್ನೋ ಸೈಟ್ ಒಂದೇ ಸುದ್ದಿಗೆ ಬೇರೆ ಬೇರೆ ಹೆಡ್‌ಲೈನ್ ಹಾಕಿ ಪರೀಕ್ಷೆ ಮಾಡ್ತಿತ್ತು, ಆ ಡೇಟಾ ಇಟ್ಕೊಂಡು 2023ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ಹೆಡ್‌ಲೈನಿಗೆ ಒಂದೊಂದು ನೆಗೆಟಿವ್ ಪದ ಸೇರಿದಾಗ್ಲೂ ಕ್ಲಿಕ್ ದರ ಶೇ. 2.3ರಷ್ಟು ಏರ್ತಿತ್ತು ಅಂತ ಬಂತು. ಬಾಸ್ಟನ್ ಸ್ಫೋಟ ಆದ್ಮೇಲೆ ಮಾಡಿದ ಇನ್ನೊಂದು ಅಧ್ಯಯನ ಇನ್ನೂ ವಿಚಿತ್ರ, ಆ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಅದರ ಸುದ್ದಿನೇ ನೋಡಿದವರಲ್ಲಿ, ಸ್ಫೋಟದ ಜಾಗಕ್ಕೆ ನೇರ ಸಂಬಂಧ ಇದ್ದವರಿಗಿಂತಲೂ ಜಾಸ್ತಿ ಒತ್ತಡದ ಲಕ್ಷಣ ಕಂಡವು.

ಒಳ್ಳೇದು ನಿಧಾನಕ್ಕೆ ಆಗೋದ್ರಿಂದ ಸುದ್ದಿ ಆಗಲ್ಲ. 1990ರಲ್ಲಿ ಪ್ರಪಂಚದಲ್ಲಿ ಐದು ವರ್ಷ ತುಂಬೋಕೆ ಮುಂಚೆ ಸಾಯ್ತಿದ್ದ ಮಕ್ಕಳು ವರ್ಷಕ್ಕೆ 1.2 ಕೋಟಿಗೂ ಹೆಚ್ಚು, 2022ರ ಹೊತ್ತಿಗೆ 50 ಲಕ್ಷಕ್ಕಿಂತ ಕಮ್ಮಿ. ಇಷ್ಟು ದೊಡ್ಡ ವಿಷಯ ಯಾವತ್ತಾದ್ರೂ ಬ್ರೇಕಿಂಗ್ ಅಂತ ಬಂತಾ? ವರ್ಷಕ್ಕೊಂದು ಸಲ ಇಂಥ ಅಂಕಿಅಂಶ ಹುಡುಕಿ ಓದೋದನ್ನ ನಿಮ್ಮ ಲಿಸ್ಟಿಗೆ ಸೇರಿಸ್ಕೊಳ್ಳಿ. 50 ಲಕ್ಷ ಅಂದ್ರೂ ಕಮ್ಮಿ ಅಲ್ಲ, ಅದೂ ಸುದ್ದಿಯಲ್ಲಿ ಬರಲ್ಲ ನೋಡಿ.

ಎಐ ಚಾಟ್‌ಬಾಟನ್ನೇ ಕೇಳಿದ್ರೆ ಮುಗೀತಲ್ವಾ?

ಉದ್ದದ ವರದಿ ಕೊಟ್ಟು ಸಾರಾಂಶ ಹೇಳು ಅಂತ ಕೇಳೋಕೆ ಚೆನ್ನಾಗಿದೆ, ನ್ಯಾಯ ತೀರ್ಮಾನಕ್ಕೆ ಅಲ್ಲ. ಗೊತ್ತಿಲ್ಲದ್ದನ್ನೂ ಗೊತ್ತಿರೋ ಧಾಟಿಯಲ್ಲೇ ಹೇಳುತ್ತೆ ಅದು. ನ್ಯೂಯಾರ್ಕಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೇ ತೀರ್ಪುಗಳನ್ನ ಕೋರ್ಟಿಗೆ ಹಾಕಿದ್ರು, ಆ ತೀರ್ಪುಗಳು ಇರ್ಲೇ ಇಲ್ಲ, 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಮೂಲದ ಲಿಂಕ್ ಕೇಳಿ, ಲಿಂಕ್ ತೆಗೆದು ನೋಡಿ, ಅಲ್ಲಿ ನಿಜವಾಗ್ಲೂ ಅದೇ ಬರೆದಿದೆಯಾ ಅಂತ ಓದಿ.

ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪ ದಿನಾ ಸುಳ್ಳು ಸುದ್ದಿ ಹಾಕ್ತಾರೆ. ಏನ್ ಹೇಳ್ಲಿ?

ಗ್ರೂಪಲ್ಲಿ ಹೇಳ್ಬೇಡಿ. ಎಲ್ಲರ ಮುಂದೆ "ಇದು ಫೇಕ್" ಅಂದ್ರೆ ಅವರು ಸುದ್ದಿಯನ್ನ ಬಿಟ್ಟು ಮರ್ಯಾದೆಯನ್ನ ಕಾಪಾಡ್ಕೊಳ್ಳೋಕೆ ನಿಲ್ತಾರೆ, ಆಮೇಲೆ ಏನು ತೋರಿಸಿದ್ರೂ ಕೇಳಿಸ್ಕೊಳ್ಳಲ್ಲ. ಬೇರೆಯಾಗಿ ಫೋನ್ ಮಾಡಿ, "ದೊಡ್ಡಪ್ಪ, ನೀವು ಹಾಕಿದ್ರಲ್ಲ ಆ ಮಾತ್ರೆ ವಿಷಯ, ಯಾರು ಕಳಿಸಿದ್ರು ನಿಮಗೆ, ನಾನೂ ಹುಡುಕ್ದೆ, ಎಲ್ಲೂ ಸಿಗ್ತಿಲ್ಲ" ಅಂತ ಕೇಳಿ. ಅವರು ಬಹುಶಃ ಕಾಳಜಿಯಿಂದಲೇ ಹಾಕಿರ್ತಾರೆ, ಅದನ್ನ ಒಪ್ಕೊಂಡು ಮಾತಾಡಿ. ಎಲ್ಲದಕ್ಕೂ ಫೋನ್ ಮಾಡೋಕೂ ಹೋಗ್ಬೇಡಿ. ಔಷಧಿ, ದುಡ್ಡು, ಯಾವುದೋ ಜನರ ಮೇಲೆ ದ್ವೇಷ ಕಾರೋದು, ಈ ಮೂರಕ್ಕೆ ಮಾತ್ರ ತಲೆ ಕೆಡಿಸ್ಕೊಳ್ಳಿ, ಗುಡ್ ಮಾರ್ನಿಂಗ್ ಜೊತೆ ಬರೋ ನಾಸಾ ಸುದ್ದಿ ಹಂಗೇ ಇರ್ಲಿ ಬಿಡಿ.

ಇಷ್ಟೆಲ್ಲ ಚೆಕ್ ಮಾಡೋಕೆ ಟೈಮ್ ಎಲ್ಲಿದೆ ಸ್ವಾಮಿ?

ಇಲ್ಲ, ಯಾರಿಗೂ ಇಲ್ಲ. ಅದಕ್ಕೇ ಚೆಕ್ ಮಾಡೋದನ್ನ ಎರಡು ಸಂದರ್ಭಕ್ಕೆ ಮಾತ್ರ ಇಟ್ಕೊಳ್ಳಿ: ನೀವು ಅದನ್ನ ಬೇರೆಯವರಿಗೆ ಕಳಿಸೋಕೆ ಹೊರಟಾಗ, ಇಲ್ಲ ಅದರ ಮೇಲೆ ನೀವೇ ಏನೋ ಮಾಡೋಕೆ ಹೊರಟಾಗ. ಮಿಕ್ಕಿದ್ದಕ್ಕೆಲ್ಲ "ಹೌದಾ, ನನಗೆ ಗೊತ್ತಿಲ್ಲಪ್ಪ" ಸಾಕು. ಎಲ್ಲದರ ಬಗ್ಗೆನೂ ಒಂದು ಅಭಿಪ್ರಾಯ ಇರ್ಲೇಬೇಕು ಅಂತ ಯಾರೂ ಕಾನೂನು ಮಾಡಿಲ್ಲ.

ನನ್ನ ಫಿಲ್ಟರ್ ಸರಿಯಾಗಿ ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಆರು ತಿಂಗಳ ಹಿಂದಿನ ಪೇಪರ್ ಅಥವಾ ನಿಮ್ಮದೇ ಹಿಸ್ಟರಿ ತೆಗೆದು ಹೆಡ್‌ಲೈನ್‌ಗಳನ್ನ ಮತ್ತೆ ಓದಿ. "ಶೀಘ್ರದಲ್ಲೇ", "ಖಚಿತ", "ಭಾರೀ ಬದಲಾವಣೆ" ಅಂದಿದ್ದರಲ್ಲಿ ಯಾವುದು ಆಯ್ತು, ಯಾವುದು ಆಗ್ಲಿಲ್ಲ, ಯಾರು ಹೇಳಿದ್ದು ಜಾಸ್ತಿ ಸಲ ಸರಿ ಬಂತು ಅಂತ ಒಂದು ಚೀಟಿಯಲ್ಲಿ ಗುರುತು ಹಾಕ್ಕೊಳ್ಳಿ. ಜೊತೆಗೆ ಇನ್ನೊಂದು, ಈ ಆರು ತಿಂಗಳಲ್ಲಿ ಯಾವುದಾದ್ರೂ ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬದಲಾಗಿದೆಯಾ ನೋಡಿ. ಒಂದೂ ಬದಲಾಗಿಲ್ಲ, ಓದಿದ್ದೆಲ್ಲ ನಾನು ಮೊದಲೇ ಅಂದ್ಕೊಂಡಿದ್ದೇ ಸರಿ ಅಂತ ಹೇಳ್ತಿದೆ ಅಂದ್ರೆ ಮೂಲಗಳೆಲ್ಲ ಒಂದೇ ಕಡೆ ವಾಲಿವೆ ಅಂತ. ಆಗ ಚೀಟಿಯಲ್ಲಿ ಅತಿ ಹೆಚ್ಚು ತಪ್ಪು ಬಿದ್ದವರನ್ನ ತೆಗೆದು, ನಿಮಗೆ ಅಷ್ಟಾಗಿ ಹಿಡಿಸದ ಆದ್ರೆ ತಿದ್ದುಪಡಿ ಹಾಕೋ ಅಭ್ಯಾಸ ಇರೋ ಒಬ್ಬರನ್ನ ಆ ಜಾಗಕ್ಕೆ ಸೇರಿಸಿ, ಮತ್ತೆ ಆರು ತಿಂಗಳು ಬಿಟ್ಟು ನೋಡಿ.